ಮನೆಯ ವೈರಿಂಗಿಗೆ ಯಾವ ತಾಮ್ರದ ತಂತಿ: ದಪ್ಪ ಮೊದಲು, ಹೊದಿಕೆ ಆಮೇಲೆ, ಕಂಪನಿ ಕೊನೆಗೆ

ಗೋಡೆ ಎದ್ದು ನಿಂತು, ಪ್ಲಾಸ್ಟರಿಂಗಿಗೆ ಮುಂಚೆ ಪೈಪು ಕೂರಿಸುವ ಹೊತ್ತಿಗೆ ಮನೆ ಕಟ್ಟಿಸುವವರು ನನ್ನನ್ನು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: ಯಾವ ಕಂಪನಿಯ ವೈರು ತರಲಿ? ವೈರಿಂಗ್ ಮೇಸ್ತ್ರಿ ಒಂದು ಹೆಸರು ಹೇಳಿರುತ್ತಾರೆ, ದಾವಣಗೆರೆಯ ಅಂಗಡಿಯವರು ಇನ್ನೊಂದು, ಆಗಲೇ ಮನೆ ಕಟ್ಟಿಸಿ ಮುಗಿಸಿದ ಭಾವಮೈದ ಮೂರನೆಯದು. ಅದರ ಮೇಲೆ ಎಫ್‌ಆರ್, ಎಫ್‌ಆರ್‌ಎಲ್‌ಎಸ್, ಎಚ್‌ಎಫ್‌ಎಫ್‌ಆರ್ ಎಂದು ಡಬ್ಬಿಯ ಮೇಲೆ ಅಚ್ಚಾಗಿರುವ ಅಕ್ಷರಗಳು ಬೇರೆ. ಇಷ್ಟೆಲ್ಲ ಯೋಚನೆ ಮಾಡಿದವರಲ್ಲಿ ಬಹಳಷ್ಟು ಜನ ಮೇಲಿನ ಮಹಡಿಯ ಗೀಸರಿಗೆ ಎಷ್ಟು ದಪ್ಪದ ತಂತಿ ಹೋಗುತ್ತಿದೆ ಎಂಬುದನ್ನು ಮಾತ್ರ ಮೇಸ್ತ್ರಿಗೆ ಬಿಟ್ಟಿರುತ್ತಾರೆ. ಗೋಡೆಯೊಳಗೆ ಇಪ್ಪತ್ತೈದು ಮೂವತ್ತು ವರ್ಷ ಕಾಣದಂತೆ ಇರಬೇಕಾದ ವಸ್ತುವಿನ ವಿಷಯದಲ್ಲಿ ಈ ಕ್ರಮ ತಿರುಗುಮುರುಗು ಎಂಬುದು ನನ್ನ ಅಭಿಪ್ರಾಯ. ಆದ್ದರಿಂದ ಇಲ್ಲಿ ದಪ್ಪವನ್ನು ಮೊದಲು, ಹೊದಿಕೆಯನ್ನು ಎರಡನೆಯದಾಗಿ, ಕಂಪನಿಯನ್ನು ಕೊನೆಯಲ್ಲಿ ತೂಗಿ ನೋಡಿದ್ದೇನೆ.

ಯಾವ ಅಳತೆಗೋಲು

ತಂತಿಯನ್ನು ಆರಿಸುವಾಗ ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ, ಅದರಲ್ಲಿ ಎಷ್ಟು ಆಂಪಿಯರ್ ಎಷ್ಟು ಹೊತ್ತು ಹರಿಯುತ್ತದೆ ಎಂಬುದು. ಮಿಕ್ಸಿ ಐದು ನಿಮಿಷ ಓಡಿ ನಿಲ್ಲುತ್ತದೆ, ಎಸಿ ರಾತ್ರಿಯಿಡೀ ಎಳೆಯುತ್ತದೆ. ಎರಡನೆಯದು, ತಂತಿ ಹಾದುಹೋಗುವ ಜಾಗ ಎಷ್ಟು ಬಿಸಿ ಎಂಬುದು. ಏಪ್ರಿಲ್ ಮೇ ತಿಂಗಳಲ್ಲಿ ನಮ್ಮ ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಗಳಲ್ಲಿ ನೆರಳಿನ ಉಷ್ಣಾಂಶವೇ 40 ಡಿಗ್ರಿಯ ಹತ್ತಿರಕ್ಕೆ ಬರುವಾಗ, ಬಿಸಿಲಿಗೆ ಕಾದ ಆರ್‌ಸಿಸಿ ಸ್ಲ್ಯಾಬಿನೊಳಗಿನ ಪೈಪು ಅದಕ್ಕಿಂತ ಬಿಸಿಯಾಗಿರುತ್ತದೆ. ಮೂರನೆಯದು, ಎಲ್ಲಿಯಾದರೂ ಬೆಂಕಿ ಹತ್ತಿದರೆ ಆ ಕಟ್ಟಡದಲ್ಲಿರುವವರು ಎಷ್ಟು ಬೇಗ, ಎಷ್ಟು ಸುಲಭವಾಗಿ ಹೊರಗೆ ಬರಬಲ್ಲರು ಎಂಬುದು. ನಾಲ್ಕನೆಯದು, ನಾಳೆ ತಂತಿ ಬದಲಿಸಬೇಕಾದರೆ ಪೈಪಿನಿಂದ ಎಳೆದು ತೆಗೆಯಲು ಸಾಧ್ಯವೇ ಎಂಬುದು. ಬೆಲೆಯನ್ನು ಈ ನಾಲ್ಕರ ನಂತರ ನೋಡಿದರೆ ಎಲ್ಲಿ ಉಳಿಸಬಹುದು, ಎಲ್ಲಿ ಉಳಿಸಬಾರದು ಎಂಬುದು ತಾನಾಗಿಯೇ ಗೊತ್ತಾಗುತ್ತದೆ.

ದಪ್ಪದ ಲೆಕ್ಕ

ಪೈಪಿನೊಳಗೆ ಎಳೆದ ಪಿವಿಸಿ ಹೊದಿಕೆಯ ತಾಮ್ರದ ತಂತಿ ಸುಮಾರಾಗಿ ಅಡ್ಡಕೊಯ್ತದ ವಿಸ್ತೀರ್ಣ 1 ಚದರ ಮಿಲಿಮೀಟರ್ ಇದ್ದರೆ 11 ಆಂಪಿಯರ್, 1.5ಕ್ಕೆ 13, 2.5ಕ್ಕೆ 18, 4ಕ್ಕೆ 24, 6ಕ್ಕೆ 31, 10ಕ್ಕೆ 42 ಆಂಪಿಯರ್ ಹೊರುತ್ತದೆ ಎಂದು ಲೆಕ್ಕ ಹಿಡಿಯಬಹುದು. ಕೆಲವು ಕಂಪನಿಗಳ ಪಟ್ಟಿಯಲ್ಲಿ ಇದಕ್ಕಿಂತ ಹೆಚ್ಚಿನ ಅಂಕಿ ಕಾಣಿಸುತ್ತದೆ. ಗಾಳಿಯಾಡುವಂತೆ ಹೊರಗೆ ಎಳೆದ ತಂತಿಯ ಅಂಕಿಯನ್ನು ಗೋಡೆಯೊಳಗಿನ ತಂತಿಗೆ ಅನ್ವಯಿಸಬಾರದು. ಸಾಮಾನ್ಯ ಪಿವಿಸಿ ಹೊದಿಕೆ 70 ಡಿಗ್ರಿಯವರೆಗೆ ಮಾತ್ರ ನಿರಂತರ ಬಿಸಿಯನ್ನು ತಾಳುವುದರಿಂದ, ಸುತ್ತಲಿನ ಬಿಸಿ 40ರಿಂದ 50 ಡಿಗ್ರಿಗೆ ಏರಿದರೆ ತಂತಿಯ ಸಾಮರ್ಥ್ಯ ಹೆಚ್ಚುಕಡಿಮೆ ಐದರಲ್ಲಿ ಒಂದು ಪಾಲು ಇಳಿಯುತ್ತದೆ. ಒಂದೇ ಪೈಪಿನಲ್ಲಿ ಎರಡು ಸರ್ಕ್ಯೂಟುಗಳು ಒಟ್ಟಿಗೆ ಪೂರ್ತಿ ಹೊರೆ ಹೊತ್ತರೂ ಅಷ್ಟೇ ಇಳಿಯುತ್ತದೆ. ಟೆರೇಸಿನ ಕೆಳಗಿನ ಕೋಣೆಗಳಲ್ಲಿ ಈ ಎರಡೂ ಒಟ್ಟಿಗೆ ಸಂಭವಿಸುವುದು ಅಪರೂಪವೇನಲ್ಲ.

ಒಂದು ಉದಾಹರಣೆ ನೋಡೋಣ. 3 ಕಿಲೋವಾಟಿನ ಗೀಸರು 230 ವೋಲ್ಟಿನಲ್ಲಿ ಸುಮಾರು 13 ಆಂಪಿಯರ್ ಎಳೆಯುತ್ತದೆ. ಡಿಬಿಯಿಂದ, ಅಂದರೆ ಸರ್ಕ್ಯೂಟುಗಳು ಕವಲೊಡೆಯುವ ಡಿಸ್ಟ್ರಿಬ್ಯೂಷನ್ ಬೋರ್ಡಿನಿಂದ, ಅದಕ್ಕೆ 20 ಮೀಟರ್ ದೂರವಿದ್ದು 1.5ರ ತಂತಿ ಎಳೆದರೆ, ಹೋಗಿಬರುವ ದಾರಿಯಲ್ಲಿ ಸುಮಾರು 80 ವಾಟ್ ಗೋಡೆಯೊಳಗೇ ಬಿಸಿಯಾಗಿ ಹೋಗುತ್ತದೆ. ಹಳೆಯ ಕಾಲದ ಒಂದು ಬಲ್ಬು ಪೈಪಿನುದ್ದಕ್ಕೂ ಮಲಗಿಕೊಂಡು ಉರಿದಂತೆ. 2.5ರ ತಂತಿಯಾದರೆ ಅದು 50 ವಾಟಿನಷ್ಟಕ್ಕೆ, 4ರದ್ದಾದರೆ 33 ವಾಟಿನಷ್ಟಕ್ಕೆ ಇಳಿಯುತ್ತದೆ. ದಪ್ಪ ತಂತಿ ಹಾಕಿದರೆ ಕರೆಂಟ್ ಬಿಲ್ಲು ಉಳಿಯುತ್ತದೆ ಎಂದು ಅಂಗಡಿಯಲ್ಲಿ ಹೇಳುವುದುಂಟು. ದಿನಕ್ಕೆ ಒಂದು ಗಂಟೆ ಗೀಸರು ಹಾಕುವ ಮನೆಯಲ್ಲಿ 1.5ಕ್ಕೂ 4ಕ್ಕೂ ನಡುವೆ ವರ್ಷಕ್ಕೆ ಇಪ್ಪತ್ತು ಯೂನಿಟ್ಟೂ ಉಳಿಯುವುದಿಲ್ಲ. ಬಿಲ್ಲಿನ ಮಾತು ಬಿಡಿ. ಆ ಬಿಸಿ ಹೊದಿಕೆಯ ಆಯುಷ್ಯವನ್ನು ತಿನ್ನುತ್ತದೆ ಎಂಬುದೇ ಇಲ್ಲಿ ಮುಖ್ಯ.

ಹಾಗಾಗಿ ನನ್ನ ಶಿಫಾರಸು ಹೀಗಿದೆ. ಲೈಟು ಮತ್ತು ಫ್ಯಾನಿನ ಸರ್ಕ್ಯೂಟಿಗೆ 1.5 ಸಾಕು. ಎಲ್‌ಇಡಿ ಬಂದ ಮೇಲೆ ಹೊರೆ ತೀರ ಇಳಿದಿರುವುದರಿಂದ, ಸ್ವಿಚ್‌ಬೋರ್ಡಿನಿಂದ ದೀಪಕ್ಕೆ ಹೋಗುವ ತುಂಡಿಗೆ 1 ಕೂಡ ಸಾಕಾಗುತ್ತದೆ. ಹಣ ಉಳಿಸಲೇಬೇಕು ಎನ್ನುವವರು ಉಳಿಸಬೇಕಾದ ಜಾಗ ಇದೇ. ಸಾಧಾರಣ ಪ್ಲಗ್ ಪಾಯಿಂಟುಗಳಿಗೂ ಅಡುಗೆಮನೆಯ ಮಿಕ್ಸಿ, ಗ್ರೈಂಡರ್, ಇಂಡಕ್ಷನ್ ಒಲೆಗಳಿಗೂ 2.5 ಬೇಕು, ಅಡುಗೆಮನೆಗೆ ಎರಡು ಬೇರೆ ಬೇರೆ ಸರ್ಕ್ಯೂಟ್ ಇದ್ದರೆ ಇನ್ನೂ ಒಳ್ಳೆಯದು, ಏಕೆಂದರೆ 2 ಕಿಲೋವಾಟಿನ ಇಂಡಕ್ಷನ್ ಒಲೆಯೊಂದೇ ಒಂಬತ್ತು ಆಂಪಿಯರಿನ ಹತ್ತಿರ ಎಳೆಯುತ್ತದೆ. ಗೀಸರಿಗೂ ಎಸಿಗೂ 4. ಕೆಳಮಹಡಿಯಲ್ಲಿ, ಡಿಬಿಗೆ ಹತ್ತಿರದಲ್ಲಿ, 2 ಕಿಲೋವಾಟಿನ ಗೀಸರಾದರೆ 2.5ರಲ್ಲಿ ಮುಗಿಸಿದರೂ ತಪ್ಪಿಲ್ಲ. ಮೀಟರಿನಿಂದ ಡಿಬಿಗೆ ಬರುವ ಮುಖ್ಯ ತಂತಿ ಚಿಕ್ಕ ಸಿಂಗಲ್ ಫೇಸ್ ಮನೆಗೆ 6, ಹೊರೆ ಹೆಚ್ಚಿದ್ದರೆ ಅಥವಾ ದೂರವಿದ್ದರೆ 10. ಬೆಸ್ಕಾಂಗೆ ಅರ್ಜಿ ಹಾಕುವಾಗ ಬರೆಸಿದ ಕಿಲೋವಾಟಿಗೂ ಈ ತಂತಿಗೂ ತಾಳೆಯಾಗಬೇಕು.

ಹಳೆಯ ಮೇಸ್ತ್ರಿಗಳು ಇಂದಿಗೂ 3/20, 7/20 ಎಂದು ಗೇಜಿನ ಲೆಕ್ಕದಲ್ಲಿ ಮಾತಾಡುತ್ತಾರೆ. 3/20 ಎಂದರೆ 20 ಗೇಜಿನ ಮೂರು ಎಳೆ. ಅದನ್ನು ಈಗಿನ 2.5ಕ್ಕೆ ಸಮ ಎಂದು ಹೇಳುವ ರೂಢಿಯಿದ್ದರೂ ಲೆಕ್ಕ ಹಾಕಿದರೆ ಅದು 2 ಚದರ ಮಿಲಿಮೀಟರಿಗಿಂತ ಹೆಚ್ಚಾಗುವುದಿಲ್ಲ. 7/20 ಸುಮಾರು 4.6 ಆಗುತ್ತದೆ. ಚೀಟಿ ಬರೆಸುವಾಗ ಚದರ ಮಿಲಿಮೀಟರಿನಲ್ಲೇ ಬರೆಸಿಕೊಳ್ಳಿ.

ಹೊದಿಕೆ: ಮೂರು ಹೆಸರು, ಮೂರು ಬೆಲೆ

ಮಾರುಕಟ್ಟೆಯಲ್ಲಿ ಮನೆಯ ವೈರು ಮುಖ್ಯವಾಗಿ ಮೂರು ಬಗೆಯದು. ಎಫ್‌ಆರ್ ಎಂದರೆ ಬೆಂಕಿಯನ್ನು ತನ್ನ ಉದ್ದಕ್ಕೂ ಹರಡಲು ಬಿಡದ ಪಿವಿಸಿ ಹೊದಿಕೆ; ಹೊರಗಿನ ಜ್ವಾಲೆ ತೆಗೆದರೆ ತಾನೇ ಆರುತ್ತದೆ. ಆದರೆ ಉರಿಯುವಷ್ಟು ಹೊತ್ತು ಪಿವಿಸಿಯ ಗುಣವಾದ ಕಪ್ಪು ಹೊಗೆಯನ್ನೂ ಹೈಡ್ರೋಕ್ಲೋರಿಕ್ ಆಮ್ಲದ ಅನಿಲವನ್ನೂ ಬಿಡುತ್ತದೆ. ಎಫ್‌ಆರ್‌ಎಲ್‌ಎಸ್ ಕೂಡ ಪಿವಿಸಿಯೇ. ಹೊಗೆಯೂ ಆಮ್ಲದ ಅನಿಲವೂ ಒಂದು ಮಿತಿಯೊಳಗೆ ಇರುವಂತೆ ಅದರ ಮಿಶ್ರಣವನ್ನು ಬದಲಿಸಿರುತ್ತಾರೆ. ಎಚ್‌ಎಫ್‌ಎಫ್‌ಆರ್ ಮಾತ್ರ ಬೇರೆ ಜಾತಿ: ಅದರಲ್ಲಿ ಕ್ಲೋರಿನ್ನಿನಂತಹ ಹ್ಯಾಲೊಜನ್ ಇಲ್ಲದಿರುವುದರಿಂದ ಆ ಆಮ್ಲದ ಅನಿಲವೂ ಇಲ್ಲ, ಹೊಗೆ ತೆಳ್ಳಗಿದ್ದು ದಾರಿ ಕಾಣುತ್ತದೆ. ಮೊದಲ ಎರಡನ್ನು ಐಎಸ್ 694 ಎಂಬ ಭಾರತೀಯ ಮಾನಕದಡಿ, ಮೂರನೆಯದನ್ನು ಐಎಸ್ 17048 ಅಡಿ ತಯಾರಿಸುತ್ತಾರೆ. ಬೆಲೆಯೂ ಇದೇ ಕ್ರಮದಲ್ಲಿ ಏರುತ್ತದೆ. ಎಫ್‌ಆರ್‌ಗೂ ಎಫ್‌ಆರ್‌ಎಲ್‌ಎಸ್‌ಗೂ ನಡುವಿನ ಅಂತರ ಸಾಮಾನ್ಯವಾಗಿ ಚಿಕ್ಕದು, ಎಚ್‌ಎಫ್‌ಎಫ್‌ಆರ್‌ಗೆ ಹೋದಾಗ ಅಂತರ ಕಣ್ಣಿಗೆ ಬೀಳುತ್ತದೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಬಹಳ ಹರಡಿದೆ. ಈ ಮೂರೂ ಹೆಸರುಗಳು ಬೆಂಕಿ ಹತ್ತಿದ ಮೇಲೆ ತಂತಿ ಹೇಗೆ ವರ್ತಿಸುತ್ತದೆ ಎಂಬುದನ್ನು ಹೇಳುತ್ತವೆಯೇ ಹೊರತು ಬೆಂಕಿ ಹತ್ತದಂತೆ ತಡೆಯುವ ಭರವಸೆಯನ್ನು ಕೊಡುವುದಿಲ್ಲ. ತೆಳು ತಂತಿಗೆ ಹೊರೆ ಹೆಚ್ಚಿದರೆ ಎಚ್‌ಎಫ್‌ಎಫ್‌ಆರ್ ಕೂಡ ಬಿಸಿಯಾಗುತ್ತದೆ, ಸಡಿಲ ಜೋಡಣೆಯಲ್ಲಿ ಅದೂ ಸುಡುತ್ತದೆ. ಆದ್ದರಿಂದ 1.5ರ ಎಚ್‌ಎಫ್‌ಎಫ್‌ಆರ್ ಮತ್ತು 2.5ರ ಎಫ್‌ಆರ್ ಒಂದೇ ಬೆಲೆಗೆ ಸಿಗುವಂತಿದ್ದರೆ, ಪವರ್ ಪಾಯಿಂಟಿಗೆ ಎರಡನೆಯದನ್ನು ಹಿಂದೆಮುಂದೆ ನೋಡದೆ ಆರಿಸಿಕೊಳ್ಳಬೇಕು.

ಹೊದಿಕೆಗೆ ಹೆಚ್ಚು ಹಣ ಹಾಕುವುದು ಎಲ್ಲಿ ಸಾರ್ಥಕ? ಹೊರಗೆ ಓಡಲು ಒಂದೇ ದಾರಿ ಇರುವ ಕಟ್ಟಡಗಳಲ್ಲಿ. ದಾವಣಗೆರೆ ಕಾಲೇಜುಗಳ ಊರಾದ್ದರಿಂದ ಪಿಜಿ, ಹಾಸ್ಟೆಲ್ಲುಗಳು ಬೀದಿಬೀದಿಯಲ್ಲಿವೆ. ಮೂರು ಮಹಡಿಗೆ ಒಂದೇ ಇಕ್ಕಟ್ಟಾದ ಮೆಟ್ಟಿಲು, ಕಿಟಕಿಗೆಲ್ಲ ಗ್ರಿಲ್ಲು. ಅಂಥಲ್ಲಿ ಜನರನ್ನು ಮೊದಲು ಕಂಗೆಡಿಸುವುದು ಹೊಗೆ. ಮೆಟ್ಟಿಲು, ನಡುವಿನ ಓಣಿ, ಮಲಗುವ ಕೋಣೆಗಳಿಗೆ ಎಚ್‌ಎಫ್‌ಎಫ್‌ಆರ್ ಹಾಕುವುದು ಅಲ್ಲಿ ಆಡಂಬರವಾಗುವುದಿಲ್ಲ. ನಾಲ್ಕೂ ಕಡೆ ಗಾಳಿಯಾಡುವ, ಮುಂದೆ ಹಿಂದೆ ಎರಡು ಬಾಗಿಲಿರುವ ನೆಲಮಹಡಿಯ ಮನೆಗೆ ಎಫ್‌ಆರ್ ಸಾಕು, ಎಫ್‌ಆರ್‌ಎಲ್‌ಎಸ್ ಆದರೆ ಸಂತೋಷ.

ಎಚ್‌ಆರ್ ಎಂಬ ಇನ್ನೊಂದು ಗುರುತೂ ಕಾಣಿಸುತ್ತದೆ. ಅದು 85 ಡಿಗ್ರಿಯವರೆಗೆ ತಾಳುವ ಪಿವಿಸಿ. ಟೆರೇಸಿನಡಿಯ ಕೋಣೆಗಳಿಗೆ ಒಳ್ಳೆಯದು. ಆದರೆ ಅದರ ನೆಪದಲ್ಲಿ ತಂತಿಯನ್ನು ತೆಳುವಾಗಿಸಬೇಡಿ. ಇನ್ನು ತಂತಿಯ ಎಳೆಗಳ ವಿಷಯ: ಒಂದೇ ಗಟ್ಟಿ ಎಳೆಯ ತಂತಿ ಸ್ಕ್ರೂವಿನಡಿ ಭದ್ರವಾಗಿ ಕೂರುತ್ತದೆ, ಆದರೆ ಪದೇಪದೇ ಬಾಗಿಸಿದರೆ ಮುರಿಯುತ್ತದೆ, ಹಲವು ಎಳೆಯದು ಪೈಪಿನ ತಿರುವುಗಳಲ್ಲಿ ಸಲೀಸಾಗಿ ಸಾಗುತ್ತದೆ, ಆದರೆ ತುದಿಗೆ ಲಗ್ ಎಂಬ ಲೋಹದ ಟೋಪಿ ಒತ್ತದಿದ್ದರೆ ಎಳೆಗಳು ಚದುರುತ್ತವೆ. ಇಂದು ಮನೆಗಳಿಗೆ ಎಲ್ಲರೂ ಎರಡನೆಯದನ್ನೇ ಬಳಸುತ್ತಾರೆ, ಅದೇ ಸರಿ.

ಕಂಪನಿ, ನಕಲಿ, ಮತ್ತು ಅಕ್ಕಸಾಲಿಗರ ತಕ್ಕಡಿ

ಫಿನೋಲೆಕ್ಸ್, ಪಾಲಿಕ್ಯಾಬ್, ಹ್ಯಾವೆಲ್ಸ್, ಆರ್‌ಆರ್, ಕೆಇಐ, ವಿ-ಗಾರ್ಡ್ ಮೊದಲಾದ ಹೆಸರುಗಳ ನಡುವೆ ಯಾವುದು ಮೇಲು ಎಂಬ ಚರ್ಚೆಗೆ ಕೊನೆಯಿಲ್ಲ. ಅಸಲಿ ಮಾಲೇ ಸಿಕ್ಕಿದರೆ ಮನೆಯ ಮಟ್ಟಿಗೆ ಇವುಗಳಲ್ಲಿ ಯಾವುದನ್ನು ತಂದರೂ ಕೆಲಸ ನಡೆಯುತ್ತದೆ ಎಂಬುದು ನನ್ನ ನಂಬಿಕೆ. ಚಿಂತೆ ಮಾಡಬೇಕಾದದ್ದು ನಕಲಿಯ ಬಗ್ಗೆ, ಮತ್ತು ಹೆಸರಿಲ್ಲದ ಅಗ್ಗದ ಕಾಯಿಲುಗಳ ಬಗ್ಗೆ. ಕೆಲವದರಲ್ಲಿ ಒಳಗೆ ಅಲ್ಯೂಮಿನಿಯಂ ಇದ್ದು ಹೊರಗೆ ಮಾತ್ರ ತಾಮ್ರದ ತೆಳು ಪದರ ಇರುತ್ತದೆ. ಕೆಲವದರಲ್ಲಿ ಗುಜರಿ ತಾಮ್ರವನ್ನು ಕರಗಿಸಿ ಎಳೆದಿರುತ್ತಾರೆ. ಚಿತ್ರದುರ್ಗದವರಿಗೆ ಇಂಗಳದಾಳಿನ ಗಣಿಯಿಂದಾಗಿ ತಾಮ್ರ ಹೊಸದೇನಲ್ಲ. ಆದರೆ ಅದಿರಿನಿಂದ ಬಂದ ತಾಮ್ರವನ್ನು ವಿದ್ಯುದ್ವಿಭಜನೆಯಿಂದ ಶೇ 99.9ಕ್ಕಿಂತ ಹೆಚ್ಚು ಶುದ್ಧಗೊಳಿಸಿದ ಮೇಲೆಯೇ ಅದು ತಂತಿಗೆ ಯೋಗ್ಯವಾಗುತ್ತದೆ. ಅಲ್ಪಸ್ವಲ್ಪ ಬೆರಕೆಯೂ ವಿದ್ಯುತ್ತಿನ ಹರಿವಿಗೆ ಅಡ್ಡಿಯಾಗುತ್ತದೆ.

ಪರೀಕ್ಷೆಗೆ ಪ್ರಯೋಗಾಲಯವೇ ಬೇಕೆಂದಿಲ್ಲ. 2.5ರ ತಂತಿಯನ್ನು ಸರಿಯಾಗಿ ಒಂದು ಮೀಟರ್ ಕತ್ತರಿಸಿ, ಹೊದಿಕೆ ಸುಲಿದು, ಬರಿಯ ತಾಮ್ರವನ್ನು ಪರಿಚಯದ ಅಕ್ಕಸಾಲಿಗರ ಬಳಿ ತೂಗಿಸಿ. ಲೆಕ್ಕದ ಪ್ರಕಾರ ಸುಮಾರು 22 ಗ್ರಾಂ ಬರಬೇಕು. ಮಾನಕವು ತೂಕಕ್ಕಿಂತ ತಂತಿಯ ರೋಧವನ್ನೇ, ಅಂದರೆ ವಿದ್ಯುತ್ತಿನ ಹರಿವಿಗೆ ಅದು ಒಡ್ಡುವ ತಡೆಯನ್ನೇ, ಅಳೆಯುವುದರಿಂದ ಒಂದೆರಡು ಗ್ರಾಂ ಕಡಿಮೆಯಾದರೆ ಗಾಬರಿ ಬೇಡ, 19 ಗ್ರಾಮಿಗಿಂತ ಕೆಳಗಿಳಿದರೆ ಕಾಯಿಲನ್ನು ಹಿಂದಿರುಗಿಸಿ. 1.5ಕ್ಕೆ ಸುಮಾರು 13, 4ಕ್ಕೆ ಸುಮಾರು 36 ಗ್ರಾಂ. ಈ ಲೆಕ್ಕದಲ್ಲಿ 90 ಮೀಟರಿನ 2.5ರ ಕಾಯಿಲಿನಲ್ಲಿ ತಾಮ್ರವೇ ಎರಡು ಕಿಲೋದಷ್ಟಿರುತ್ತದೆ. ಅದರ ಬೆಲೆ ಅಂದಿನ ತಾಮ್ರದ ದರಕ್ಕಿಂತಲೂ ಕಡಿಮೆಯಿದ್ದರೆ ಒಳಗಿರುವುದು ತಾಮ್ರವಲ್ಲ ಎಂದು ತಿಳಿಯಲು ತೂಗುವುದೂ ಬೇಕಿಲ್ಲ. ಎಳೆಯನ್ನು ಬ್ಲೇಡಿನಿಂದ ಕೆರೆದಾಗ ಬಿಳಿ ಬಣ್ಣ ಕಂಡರೆ ಅದು ಅಲ್ಯೂಮಿನಿಯಂ. ಡಬ್ಬಿಯ ಮೇಲಿನ ಐಎಸ್‌ಐ ಗುರುತಿನ ಜೊತೆ ಸಿಎಂ/ಎಲ್ ಎಂದು ಆರಂಭವಾಗುವ ಪರವಾನಗಿ ಸಂಖ್ಯೆ ಇರುತ್ತದೆ. ಮೊಬೈಲಿನ ಬಿಐಎಸ್ ಕೇರ್ ಆ್ಯಪಿನಲ್ಲಿ ಅದನ್ನು ಹಾಕಿದರೆ ಪರವಾನಗಿ ಯಾರದ್ದು, ಚಾಲ್ತಿಯಲ್ಲಿದೆಯೇ ಎಂಬುದು ಕಾಣುತ್ತದೆ. ಜಿಎಸ್‌ಟಿ ಬಿಲ್ಲಿಲ್ಲದೆ ತಂದ ಕಾಯಿಲನ್ನು ಹಿಂದಿರುಗಿಸುವುದು ಹೇಗೆಂದು ಮೊದಲೇ ಯೋಚಿಸಿಕೊಳ್ಳಿ. ಪಾಯಿಂಟಿಗೆ ಇಷ್ಟೆಂದು ಸಾಮಾನು ಸಮೇತ ಗುತ್ತಿಗೆ ಕೊಟ್ಟರೆ ತಂತಿ ತೆಳುವಾಗುವುದಕ್ಕೂ ತುಂಡು ಜೋಡಿಸುವುದಕ್ಕೂ ಆಸೆ ಹುಟ್ಟುವುದು ಸಹಜ. ಕೂಲಿಗೆ ಮಾತ್ರ ಗುತ್ತಿಗೆ ಕೊಟ್ಟು ತಂತಿಯನ್ನು ನೀವೇ ತರುವುದು ಲೇಸು.

ಮೂರು ಮನೆ, ಮೂರು ಕೈಚೀಲ

ಚಳ್ಳಕೆರೆ ಕಡೆಯ ಹಳ್ಳಿಯಲ್ಲಿ ಒಂದು ಕೋಣೆ, ಅಡುಗೆಮನೆ, ಪಡಸಾಲೆಯ ಮನೆ ಕಟ್ಟುವವರಿಗೆ ಪ್ರತಿ ಸಾವಿರವೂ ಲೆಕ್ಕವೇ. ಅವರು ಎಲ್ಲ ಕಡೆ ಎಫ್‌ಆರ್ ಹಾಕಲಿ, ಲೈಟಿಗೆ 1 ಮತ್ತು 1.5, ಅಡುಗೆಮನೆಗೆ 2.5, ಮೀಟರಿನಿಂದ 6. ಉಳಿದ ಹಣವನ್ನು ಅರ್ಥಿಂಗಿಗೂ, ವಿದ್ಯುತ್ತು ಸೋರಿದರೆ ಕಡಿಯುವ ಆರ್‌ಸಿಸಿಬಿ ಎಂಬ ಸ್ವಿಚ್ಚಿಗೂ ಇಡಲಿ. ದಾವಣಗೆರೆಯ ಹೊಸ ಬಡಾವಣೆಯಲ್ಲಿ ಕೆಳಗೆ ತಾವಿದ್ದು ಮೇಲೆ ಬಾಡಿಗೆಗೆ ಕೊಡುವವರು ಎಫ್‌ಆರ್‌ಎಲ್‌ಎಸ್ ಆರಿಸಲಿ, ಮತ್ತು ಮೇಲಿನ ಬಾಡಿಗೆ ಭಾಗಕ್ಕೆ ತಮ್ಮ ಮನೆಗಿಂತ ಒಂದು ಅಳತೆ ದಪ್ಪದ ತಂತಿ ಹಾಕಿಸಲಿ. ಬಾಡಿಗೆಗೆ ಬಂದವರು ಯಾವ ಪಾಯಿಂಟಿಗೆ ಏನು ಚುಚ್ಚುತ್ತಾರೆ ಎಂದು ಹೇಳಲಾಗದು. ಪಿಜಿ, ಅಂಗಡಿಯ ಮೇಲಿನ ಗೋದಾಮು, ಮಂಡಿಯಂತಹ ಕಟ್ಟಡಗಳಿಗೆ, ಅದರಲ್ಲೂ ಅರಳೆ, ಬಟ್ಟೆ, ಗೋಣಿಚೀಲ ತುಂಬುವ ಕಡೆ, ಎಚ್‌ಎಫ್‌ಎಫ್‌ಆರ್ ಹಾಗೂ ಪ್ರತಿ ಮಹಡಿಗೆ ಪ್ರತ್ಯೇಕ ಡಿಬಿ ಬೇಕು.

ಹಳೇ ದಾವಣಗೆರೆಯ ಮರದ ಪಟ್ಟಿಯ ವೈರಿಂಗಿನ ಮನೆಯನ್ನು ಹೊಸದಾಗಿಸುವವರಿಗೆ ಒಂದೇ ಎಚ್ಚರಿಕೆ: ಹಳೆಯ ಅಲ್ಯೂಮಿನಿಯಂ ತಂತಿಗೆ ಹೊಸ ತಾಮ್ರವನ್ನು ತಿರುಚಿ ಟೇಪು ಸುತ್ತಬೇಡಿ. ಎರಡು ಲೋಹ ಸೇರಿದ ಜಾಗ ತೇವಕ್ಕೆ ಸವೆದು, ಸಡಿಲವಾಗಿ, ಅಲ್ಲೇ ಸುಡುತ್ತದೆ. ಸಾಧ್ಯವಾದರೆ ಹಳೆಯದನ್ನು ಪೂರ್ತಿ ತೆಗೆಸಿ.

ತಂತಿಗಿಂತ ಹೆಚ್ಚು ಕೆಡುವುದು ಜೋಡಣೆ

ಹೊರೆ ಮಿತಿ ಮೀರಿದರೆ ತಾನಾಗಿ ಬಿದ್ದು ಕರೆಂಟ್ ಕಡಿಯುವ ಎಂಸಿಬಿ ಸ್ವಿಚ್ಚು ಇರುವುದು ತಂತಿಯನ್ನು ಕಾಯಲು. 1.5ಕ್ಕೆ 10, 2.5ಕ್ಕೆ 16, 4ಕ್ಕೆ 20, 6ಕ್ಕೆ 25 ಆಂಪಿಯರಿನದ್ದು ಹಾಕಿದರೆ ತಂತಿ ಸುಡುವ ಮೊದಲೇ ಅದು ಬೀಳುತ್ತದೆ. ನಮ್ಮದೇ ಮನೆಯಲ್ಲಿ ಮೇಲಿನ ಗೀಸರಿನ ಎಂಸಿಬಿ ಮತ್ತೆಮತ್ತೆ ಬೀಳುತ್ತದೆಂದು ರಿಪೇರಿಗೆ ಬಂದವರು 32 ಆಂಪಿಯರಿನದ್ದನ್ನು ಹಾಕಿ ಹೋದರು. ಬೀಳುವುದು ನಿಂತಿತು, ನಮಗೂ ನೆಮ್ಮದಿಯಾಯಿತು. ಎರಡು ತಿಂಗಳ ನಂತರ ಸ್ನಾನದ ಮನೆಯ ಹೊರಗಿನ ಸ್ವಿಚ್ಚು ಕರಗಿ ವಾಸನೆ ಬಂದಾಗ ಗೋಡೆ ಒಡೆಸಿ ನೋಡಿದರೆ, 1.5ರ ತಂತಿಯನ್ನು ಪೈಪಿನ ನಡುವೆಯೇ ಜೋಡಿಸಿ ಟೇಪು ಸುತ್ತಲಾಗಿತ್ತು. ಟೇಪಿನ ಕೆಳಗೆ ಹೊದಿಕೆ ಇದ್ದಿಲಾಗಿತ್ತು. ಪದೇಪದೇ ಬೀಳುತ್ತಿದ್ದ ಎಂಸಿಬಿ ಹೇಳುತ್ತಿದ್ದುದನ್ನು ನಾವು ಕೇಳಿಸಿಕೊಂಡಿರಲಿಲ್ಲ.

ಆದ್ದರಿಂದ ಪೈಪಿನೊಳಗೆ ಜಾಯಿಂಟ್ ಇರಕೂಡದು; ಇದ್ದರೆ ಮುಚ್ಚಳ ತೆಗೆದು ನೋಡಬಹುದಾದ ಜಂಕ್ಷನ್ ಬಾಕ್ಸಿನಲ್ಲಿ, ಕನೆಕ್ಟರಿನೊಂದಿಗೆ ಇರಲಿ. ಪೈಪಿನ ಒಳಜಾಗದಲ್ಲಿ ಶೇ 40ಕ್ಕಿಂತ ಹೆಚ್ಚು ತಂತಿ ತುಂಬಿಸಬಾರದು. ತುಂಬಿಸಿದರೆ ಬಿಸಿ ಹೊರಹೋಗುವುದಿಲ್ಲ, ಮುಂದೆ ಒಂದು ತಂತಿ ಎಳೆಯಹೋದರೆ ಪಕ್ಕದ್ದರ ಹೊದಿಕೆ ಸುಲಿಯುತ್ತದೆ. ನ್ಯೂಟ್ರಲ್ ತಂತಿ ಫೇಸಿನಷ್ಟೇ ದಪ್ಪವಿರಬೇಕು, ಪ್ರತಿ ಸರ್ಕ್ಯೂಟಿಗೂ ಅದರದ್ದೇ ನ್ಯೂಟ್ರಲ್ ಬೇಕು. ಮೂರು ಫೇಸಿನ ಮನೆಯಲ್ಲಿ ಒಂದೇ ನ್ಯೂಟ್ರಲ್ ಹಂಚಿಕೊಂಡು ಅದು ಎಲ್ಲಿಯಾದರೂ ಕಳಚಿದರೆ, 230 ವೋಲ್ಟಿನ ಪಾಯಿಂಟಿಗೆ 400 ವೋಲ್ಟಿನ ಹತ್ತಿರ ಬಂದು ಟಿವಿ, ಫ್ರಿಜ್ಜು ಒಟ್ಟಿಗೆ ಹೋಗುತ್ತವೆ. ಬಣ್ಣಗಳನ್ನು ಕಲಸುಮೇಲೋಗರ ಮಾಡಲು ಬಿಡಬೇಡಿ: ಫೇಸಿಗೆ ಕೆಂಪು, ಹಳದಿ, ನೀಲಿ, ನ್ಯೂಟ್ರಲಿಗೆ ಕಪ್ಪು, ಅರ್ಥಿಗೆ ಹಸಿರು. ಕೆಂಪು ಕಾಯಿಲು ಮುಗಿಯಿತೆಂದು ಹಸಿರಿನಲ್ಲಿ ಫೇಸ್ ಎಳೆದ ಮನೆಯನ್ನು ನಾನು ನೋಡಿದ್ದೇನೆ. ಮುಂದೆ ರಿಪೇರಿಗೆ ಬರುವವರು ಅದನ್ನು ಅರ್ಥೆಂದು ನಂಬಿ ಮುಟ್ಟುತ್ತಾರೆ.

ಹಸಿರು ತಂತಿಯೂ ಫೇಸಿನಷ್ಟೇ ದಪ್ಪವಿದ್ದು, ಕೊನೆಗೆ ನೆಲದಲ್ಲಿ ಸರಿಯಾದ ಗುಂಡಿಗೆ ಸೇರಬೇಕು. ಇಲ್ಲಿ ನಮ್ಮ ಎರಡು ಊರುಗಳ ಮಣ್ಣು ಬೇರೆ ಬೇರೆ. ದಾವಣಗೆರೆಯ ಸುತ್ತಲಿನ ಎರೆಮಣ್ಣು, ಭದ್ರಾ ಕಾಲುವೆಯ ತೇವ ಅರ್ಥಿಂಗಿಗೆ ಅನುಕೂಲ. ಚಿತ್ರದುರ್ಗದ ಬಂಡೆ ನೆಲದಲ್ಲಿ ಎರಡೂವರೆ ಮೀಟರಿನ ಪೈಪನ್ನು ಇಳಿಸುವುದೇ ಕಷ್ಟ, ಇಳಿಸಿದರೂ ಬೇಸಿಗೆಯಲ್ಲಿ ಸುತ್ತಲಿನ ಮಣ್ಣು ಒಣಗಿ ರೋಧ ಏರುತ್ತದೆ. ಅಲ್ಲಿಯವರು ಒಂದರ ಬದಲು ಎರಡು ಗುಂಡಿ ತೋಡಿಸಿ ಜೋಡಿಸುವುದು, ಬಚ್ಚಲ ನೀರು ಹರಿಯುವ ಕಡೆ ಗುಂಡಿಯಿಡುವುದು, ಬೇಸಿಗೆಯಲ್ಲಿ ಆಗಾಗ ನೀರು ಹಾಕುವುದು ಒಳ್ಳೆಯದು. ಅರ್ಥಿಂಗ್ ದುರ್ಬಲವಾದಷ್ಟೂ 30 ಮಿಲಿ ಆಂಪಿಯರಿನ ಆರ್‌ಸಿಸಿಬಿಯ ಅಗತ್ಯ ಹೆಚ್ಚು. ಫೇಸಿನಿಂದ ಮೈಗೆ ಸೋರುವ ವಿದ್ಯುತ್ತನ್ನು ಕಂಡುಹಿಡಿದು ಕಡಿಯುವುದು ಅದೇ, ಎಂಸಿಬಿಗೆ ಆ ಕೆಲಸ ಬಾರದು.

ಕೆಲಸವನ್ನು ಪರವಾನಗಿ ಇರುವ ವಿದ್ಯುತ್ ಗುತ್ತಿಗೆದಾರರಿಂದಲೇ ಮಾಡಿಸಿ. ಪ್ಲಾಸ್ಟರಿಂಗಿಗೆ ಮುಂಚೆ ಪ್ರತಿ ಗೋಡೆಯ ಫೋಟೊ ತೆಗೆದಿಟ್ಟುಕೊಳ್ಳಿ, ಮುಂದೆ ಮೊಳೆ ಹೊಡೆಯುವಾಗ ಪೈಪು ಎಲ್ಲಿದೆಯೆಂದು ತಿಳಿಯುತ್ತದೆ. ಮೀಟರ್ ಕೂರಿಸುವ ಮೊದಲು ಹೊದಿಕೆಯ ರೋಧವನ್ನು ಅಳೆಯುವ 500 ವೋಲ್ಟಿನ ಮೆಗ್ಗರ್ ಉಪಕರಣದಿಂದ ಫೇಸು ಮತ್ತು ಅರ್ಥಿನ ನಡುವೆ ಅಳೆಸಿ. ಕನಿಷ್ಠ 1 ಮೆಗಾಓಮ್ ತೋರಿಸಬೇಕು, ಹೊಸ ತಂತಿ ಅದಕ್ಕಿಂತ ಬಹಳ ಹೆಚ್ಚು ತೋರಿಸುತ್ತದೆ. ಗೃಹಪ್ರವೇಶದ ಗಲಾಟೆ ಮುಗಿದ ಮೇಲೆ ಒಂದು ದಿನ ಗೀಸರು, ಎಸಿ, ಇಂಡಕ್ಷನ್ ಒಲೆ ಮೂರನ್ನೂ ಒಟ್ಟಿಗೆ ಅರ್ಧ ಗಂಟೆ ಹಾಕಿ, ಡಿಬಿಯ ಮುಚ್ಚಳವನ್ನು ತೆರೆಯದೆಯೇ ಅದರ ಮೇಲೂ ಸ್ವಿಚ್ಚುಗಳ ಮೇಲೂ ಒಣಗಿದ ಅಂಗೈ ಇಟ್ಟು ನೋಡಿ. ಉಗುರುಬೆಚ್ಚಗಿದ್ದರೆ ಸರಿ, ಕೈ ಇಡಲಾಗದಷ್ಟು ಬಿಸಿಯಾದ ಕಡೆ ಮೇನ್ ಆರಿಸಿ ಗುತ್ತಿಗೆದಾರರನ್ನು ಕರೆಸಿ, ಅಲ್ಲಿ ಸ್ಕ್ರೂ ಸಡಿಲವಿರುತ್ತದೆ ಅಥವಾ ತಂತಿ ತೆಳುವಿರುತ್ತದೆ.